ಹೋಗುವಾಗ ಮಾತ್ರ ಬರುವ ಸದ್ದು

ಸಂಜೆ ಕೆಲಸ ಮುಗಿಸಿ ಮನೆಗೆ ಬಂದು ನಾನಿನ್ನೂ ಹೆಲ್ಮೆಟ್ ತೆಗೆದಿರುವುದಿಲ್ಲ, ಆಗಲೇ ನನ್ನ ಗಂಡ ಕೇಳುತ್ತಾರೆ. "ಏನಂತು ಗಾಡಿ?"

ಹೆಂಡತಿ ಏನಂದಳು, ಮಧ್ಯಾಹ್ನ ಊಟ ಮಾಡಿದಳೋ ಇಲ್ಲವೋ, ಇವೆಲ್ಲ ಆಮೇಲಿನ ಮಾತು. ಮೊದಲು ಗಾಡಿಯ ಸಮಾಚಾರ ಒಪ್ಪಿಸಬೇಕು. ಸುಮ್ಮನೆ "ಏನೋ ಸದ್ದು ಬರ್ತಿತ್ತು" ಎಂದರೆ ಬಿಡುವ ಆಸಾಮಿಯಲ್ಲ. ಕಟಕಟ ಅಂತಾನಾ, ಗರಗರ ಅಂತಾನಾ, ಕಿರ್ ಅಂತಾನಾ? ಕ್ಲಚ್ ಹಿಡಿದಾಗಲೂ ಇತ್ತಾ? ಗೇರ್ ಬದಲಿಸಿದಾಗ ಹೆಚ್ಚಾಯಿತಾ? ಉಬ್ಬು ಹತ್ತುವಾಗಲೋ ಇಳಿಯುವಾಗಲೋ? ಆಸ್ಪತ್ರೆಯಲ್ಲಿ ಡಾಕ್ಟರು ಕೂಡ ನನ್ನನ್ನು ಇಷ್ಟು ಕೇಳಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಬರಬರುತ್ತಾ ದಾರಿಯುದ್ದಕ್ಕೂ ಕಿವಿಯಿಟ್ಟುಕೊಂಡು ಬರುವುದು ನನಗೇ ಅಭ್ಯಾಸವಾಯಿತು. ಈಗ ಚೈನು ಸಡಿಲವಾದರೆ ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ.

ನಮ್ಮದು ನಗರಗೆರೆ ಹೋಬಳಿಯ ಒಂದು ಊರು. ಬೈಕು ನಮ್ಮ ಮದುವೆಗಿಂತ ಎರಡು ವರ್ಷ ದೊಡ್ಡದು. ಅವರು ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿ ಸೇರಿದ ಹೊಸದರಲ್ಲಿ ಕೊಂಡ ನೂರು ಸಿಸಿಯ ಗಾಡಿ. ಸೆಲ್ಫ್ ಸ್ಟಾರ್ಟ್ ಇಲ್ಲ, ಕಿಕ್ಕರ್ ಹೊಡೆಯಬೇಕು. ಇಪ್ಪತ್ತು ವರ್ಷದಲ್ಲಿ ಅದರ ಮೈಮೇಲಿನ ಬಣ್ಣ ಎರಡು ಸಲ ಬದಲಾಗಿದೆ, ಸೀಟು ಮೂರು ಸಲ. ಇಂಜಿನ್ನನ್ನು ಮಾತ್ರ ಅವರು ಬೇರೆ ಯಾರ ಕೈಗೂ ಕೊಟ್ಟವರಲ್ಲ. ನನ್ನನ್ನು ಮೊದಲ ಸಲ ನೋಡಲು ಬಂದದ್ದೂ ಇದೇ ಗಾಡಿಯಲ್ಲಿ. ಆ ದಿನ ನಮ್ಮ ಮನೆ ಮುಂದೆ ನಿಲ್ಲಿಸಿ, ಒಳಗೆ ಬರುವ ಮೊದಲು ಬಗ್ಗಿ ಏನೋ ಮುಟ್ಟಿ ನೋಡಿದ್ದನ್ನು ನಾನು ಕಿಟಕಿಯಿಂದ ಕಂಡಿದ್ದೆ. ಹುಡುಗಿಗಿಂತ ಗಾಡಿಯ ಯೋಚನೆಯೇ ಹೆಚ್ಚಿರುವಂತಿದೆ ಎಂದು ಆಗಲೇ ಅನ್ನಿಸಿತ್ತು. ತಪ್ಪೇನೂ ಅನ್ನಿಸಿರಲಿಲ್ಲ.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಅವರು ಹಿತ್ತಲಿನಲ್ಲಿ ಮುಖ ತೊಳೆಯುತ್ತಿದ್ದವರು ಹಾಗೇ ಬಿದ್ದರು. ಕೈಕಾಲು ಸೆಟೆದುಕೊಂಡು, ಹಲ್ಲು ಕಚ್ಚಿಕೊಂಡು, ಕಣ್ಣು ಮೇಲೆ ಹೋಗಿತ್ತು. ಎರಡು ನಿಮಿಷವಿರಬಹುದು. ನನಗೆ ಅದು ಇನ್ನೂ ಮುಗಿದಿಲ್ಲ. ಫಿಟ್ಸ್ ಎಂದರು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಿ ತಲೆಯ ಫೋಟೋ ತೆಗೆಸಿ ಬಂದೆವು. ಡಾಕ್ಟರು ಮಾತ್ರೆ ಬರೆದು, ಒಂದು ಹೊತ್ತೂ ತಪ್ಪಿಸಬಾರದು ಎಂದರು. ಬಾವಿಯ ಕಟ್ಟೆಯ ಮೇಲೆ ಕೂರಬಾರದು, ಒಲೆಯ ಹತ್ತಿರ ಒಬ್ಬರೇ ಇರಬಾರದು, ಓಡುವ ಮಷೀನಿನ ಬಳಿ ಕೆಲಸ ಮಾಡಬಾರದು, ಗಾಡಿ ಓಡಿಸಲೇಬಾರದು. ಅಷ್ಟು ವರ್ಷ ಮಷೀನು ಮತ್ತು ಗಾಡಿ ಎರಡರಲ್ಲೇ ಬದುಕಿದ ಮನುಷ್ಯ ತಲೆ ತಗ್ಗಿಸಿ ಕೇಳಿಸಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಒಂದು ಮಾತಾಡಿದರು. "ಗಾಡಿ ಮಾರ್ಬೇಡ."

ಮಾರಲಿಲ್ಲ. ಅವರು ಫ್ಯಾಕ್ಟರಿ ಬಿಟ್ಟರು, ನಾನೇ ಗಾಡಿ ಓಡಿಸಲು ಕಲಿತೆ. ಊರಿನ ಚಿಕ್ಕ ಶಾಲೆಯಲ್ಲಿ ಪಾಠ ಮಾಡಿಕೊಂಡಿದ್ದವಳು, ಹಿಂದೆ ಓದಿದ್ದ ಬಿಎಸ್ಸಿಯ ಧೂಳು ಕೊಡವಿ ಕುಡುಮಲಕುಂಟೆಯ ಇನ್ನೊಂದು ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ನಮ್ಮೂರಿನ ಬಸ್ಸು ಅಲ್ಲಿಗೆ ತಲುಪುವ ಹೊತ್ತಿಗೆ ಮೊದಲ ಸ್ಯಾಂಪಲ್ ಪರೀಕ್ಷೆ ಮುಗಿದಿರುತ್ತದೆ. ಹಾಗಾಗಿ ಗಾಡಿಯೇ ಗತಿ. ನೀರಿಲ್ಲದ ಕೆರೆಯ ಅಂಗಳದಲ್ಲಿ ಅವರು ನನಗೆ ಕಲಿಸಿದರು. ಜಾಲಿಮರದ ಕೆಳಗೆ ನಿಂತು "ಕ್ಲಚ್ ಬಿಡು, ಬಿಡು, ನಿಧಾನ, ನಿಧಾನ ಅಂದ್ರೆ ನಿಲ್ಲಿಸ್ಬಿಡು ಅಂತಲ್ಲ ಕಣೇ" ಎಂದು ಕೂಗುತ್ತಿದ್ದರು. ಒಂದು ದಿನವೂ ಹಿಂದೆ ಕೂರಲಿಲ್ಲ. ಭಾರ ಹೆಚ್ಚಾದರೆ ನಿನಗೆ ಬ್ಯಾಲೆನ್ಸ್ ಸಿಗಲ್ಲ ಎಂಬ ನೆಪ ಹೇಳಿದರು.

ನೆಪ ಎಂದದ್ದು ಬೇಕೆಂದೇ. ಲೈಸೆನ್ಸ್ ಬಂದು, ನಾನು ಎರಡು ಮೂಟೆ ಹಿಂಡಿ ಹೇರಿಕೊಂಡು ಬರುವಷ್ಟು ಪಳಗಿದ ಮೇಲೂ ಅವರು ಹಿಂದೆ ಕೂರಲಿಲ್ಲ. ಇಬ್ಬರಿಗೂ ಗೌರಿಬಿದನೂರಿನಲ್ಲೇ ಕೆಲಸವಿದ್ದ ದಿನ ನಾನು ಬೈಕಿನಲ್ಲಿ ಹೋಗುತ್ತಿದ್ದೆ, ಅವರು ಬಸ್ಸಿನಲ್ಲಿ ಬರುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ನಾನು ಕಾದು ನಿಂತಿರುತ್ತಿದ್ದೆ. ಬಸ್ಸಿನಿಂದ ಇಳಿದು ನನ್ನನ್ನು ಅಲ್ಲೇ ಅಕಸ್ಮಾತ್ತಾಗಿ ಕಂಡವರಂತೆ ಮುಖ ಮಾಡುತ್ತಿದ್ದರು. ಊರ ಮುಂದಿನ ಹೋಟೆಲಿನ ಜಗಲಿಯಲ್ಲಿ ಬೆಳಗಿನಿಂದ ಕೂತಿರುವ ಯಜಮಾನರ ಎದುರು ಹೆಂಡತಿಯ ಬೆನ್ನ ಹಿಂದೆ ಕೂತು ಹೋಗುವುದು ಅವರಿಂದ ಆಗುತ್ತಿರಲಿಲ್ಲ, ಅಷ್ಟೆ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ನನಗೆ ಯಾರಾದರೂ ಬಹುಮಾನ ಕೊಡಬೇಕಿತ್ತು.

ಆದರೆ ಗಾಡಿಯನ್ನು ಅವರು ನೋಡಿಕೊಂಡ ರೀತಿಯಿದೆಯಲ್ಲ, ಅದಕ್ಕೆ ನಾನು ಒಂದು ಮಾತೂ ಎದುರಾಡುವ ಹಾಗಿಲ್ಲ. ಹೋಗಿ ಬರಲು ದಿನಕ್ಕೆ ಹತ್ತಿರ ಹತ್ತಿರ ಐವತ್ತು ಕಿಲೋಮೀಟರ್, ವಾರದಲ್ಲಿ ಆರು ದಿನ. ಚಳಿಗಾಲದಲ್ಲಿ ಕಿಕ್ಕರ್ ಹೊಡೆದು ಹೊಡೆದು ನನ್ನ ಕಾಲು ಬಿದ್ದುಹೋಗಬಾರದೆಂದು ಬೆಳಗ್ಗೆ ಪ್ಲಗ್ಗು ಬಿಚ್ಚಿ ತಂದು, ಹಾಲು ಇಳಿಸಿದ ಒಲೆಯ ಮೇಲೆ ಇಕ್ಕಳದಲ್ಲಿ ಹಿಡಿದು ಬಿಸಿ ಮಾಡುವರು. ಒಲೆಯ ಹತ್ತಿರ ಒಬ್ಬರೇ ಇರಬಾರದಲ್ಲ, ಹಾಗಾಗಿ ಅಷ್ಟು ಹೊತ್ತೂ ನಾನು ಕಾಫಿ ಲೋಟ ಹಿಡಿದು ಕಾವಲು ನಿಲ್ಲುತ್ತಿದ್ದೆ. ಮಳೆಗಾಲ ಬರುವ ಮೊದಲು ಹಳೆಯ ಟ್ಯೂಬಿನ ತುಂಡು ಕತ್ತರಿಸಿ ಪ್ಲಗ್ಗಿನ ಮೇಲೆ ಟೋಪಿ ಕಟ್ಟುವರು. ಕ್ಲಚ್ ಕೇಬಲ್ಲಿನ ತುದಿಗೆ ಪ್ಲಾಸ್ಟಿಕ್ ಕವರಿನ ಮೂಲೆ ಬಿಗಿದು, ಅದರೊಳಗೆ ಆಯಿಲ್ ಸುರಿದು, ಹನಿಹನಿಯಾಗಿ ಕೇಬಲ್ಲಿನೊಳಗೆ ಇಳಿಯಲೆಂದು ತೊಲೆಗೆ ನೇತುಹಾಕುವರು. ಬೇಸಿಗೆಯಲ್ಲಿ ನಾನು ಏಳುವ ಮೊದಲೇ ಎರಡೂ ಚಕ್ರದ ಗಾಳಿ ಒತ್ತಿ ನೋಡಿರುವರು.

ರಾಗಿ ಕೊಯ್ಲಿನ ಕಾಲದ್ದು ಬೇರೆಯೇ ಕಥೆ. ನಮ್ಮ ಕಡೆ ಕಣ ಮಾಡುವ ಶ್ರಮ ಯಾರಿಗೂ ಬೇಡ. ತೆನೆಯನ್ನೂ ಹುರುಳಿ ಬಳ್ಳಿಯನ್ನೂ ತಂದು ಟಾರು ರಸ್ತೆಯ ಮೇಲೆ ಹರವಿಬಿಡುತ್ತಾರೆ, ಹೋಗಿ ಬರುವ ಬಸ್ಸು ಲಾರಿಗಳು ಪುಕ್ಕಟೆಯಾಗಿ ಒಕ್ಕಿಕೊಡುತ್ತವೆ. ದೊಡ್ಡ ಗಾಡಿಗೆ ಅದರಿಂದ ತೊಂದರೆಯಿಲ್ಲ. ಬೈಕಿನವರು ಮಾತ್ರ ದೇವರನ್ನು ನೆನೆದು ದಾಟಬೇಕು. ಜಾರುವುದೊಂದು ಕಡೆ, ಹುರುಳಿ ಬಳ್ಳಿ ಹಿಂದಿನ ಚಕ್ರದ ನಡುವೆ ಸುತ್ತಿಕೊಂಡು ಹಗ್ಗವಾಗುವುದು ಇನ್ನೊಂದು ಕಡೆ. ಆ ತಿಂಗಳುಗಳಲ್ಲಿ ದಿನಾ ಸಂಜೆ ಅವರು ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬಳ್ಳಿ ಕೊಯ್ದು ತೆಗೆಯುವರು. ಅದಕ್ಕೆ ನನ್ನ ತರಕಾರಿ ಚಾಕುವೇ ಆಗಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಭಯವನ್ನೂ ಹೇಳಬೇಕು. ಮಗಳು ಚಿಂತಾಮಣಿಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಾಳೆ. ನಾನು ಹೊರಟರೆ ಮನೆಯಲ್ಲಿ ಅವರೊಬ್ಬರೇ. ಮಾತ್ರೆ ಶುರುವಾದ ಮೇಲೆ ಎರಡು ಸಲ ಮಾತ್ರ ಫಿಟ್ಸ್ ಬಂದಿತ್ತು, ಎರಡು ಸಲವೂ ನಾನು ಮನೆಯಲ್ಲಿದ್ದೆ. ಮೂರನೆಯದು ನಾನಿಲ್ಲದಾಗ ಬಂದರೆ? ನೀರಿನ ತೊಟ್ಟಿಯ ಹತ್ತಿರ ಬಂದರೆ? ಎದುರು ಮನೆಯ ಅಜ್ಜಿಗೆ ಒಂದು ಕಣ್ಣಿಟ್ಟಿರಲು ಹೇಳಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಅವರಿಗೆ ಗೊತ್ತಾಗದ ಹಾಗೆ ಅಜ್ಜಿಗೆ ಫೋನ್ ಮಾಡುತ್ತಿದ್ದೆ. ಅಜ್ಜಿಯ ಮನೆಮಾತು ತೆಲುಗು. "ಉನ್ನಾಡಮ್ಮಾ, ಯಾಡಿಕೀ ಪೋಲೇದು" ಎನ್ನುವಳು. ಇದ್ದಾನೆ, ಎಲ್ಲಿಗೂ ಹೋಗಿಲ್ಲ. ಅಷ್ಟು ಕೇಳಿದ ಮೇಲೆಯೇ ನಾನು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಲ್ಯಾಬಿನ ಹುಡುಗಿಯರು, ಮೇಡಂ ಊಟಕ್ಕೆ ಮುಂಚೆ ಯಾರಿಗೋ ಹರಕೆ ಒಪ್ಪಿಸ್ತಾರೆ ಎಂದು ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ.

ಆ ಸದ್ದು ಶುರುವಾದದ್ದು ಹೋದ ವರ್ಷದ ಚಳಿಗಾಲದಲ್ಲಿ. ಊರು ಬಿಟ್ಟು ಕೆರೆಯ ಏರಿ ಹತ್ತುವ ಹೊತ್ತಿಗೆ ಹಿಂದಿನ ಚಕ್ರದಿಂದ ಸಣ್ಣಗೆ ಉಜ್ಜಿದ ಹಾಗೆ, ಗೋಣಿಚೀಲ ನೆಲದ ಮೇಲೆ ಎಳೆದ ಹಾಗೆ, ಶ್ ಶ್ ಎಂದು ಬರುತ್ತಿತ್ತು. ಸಂಜೆ ವರದಿ ಒಪ್ಪಿಸಿದೆ.

"ಬರೋವಾಗಲೂ ಇತ್ತಾ?"

ನಾನು ಯೋಚಿಸಿದೆ. "ಇಲ್ಲ. ಹೋಗೋವಾಗ ಮಾತ್ರ."

"ಹಂಗಾದ್ರೆ ಚಳಿಗೆ," ಎಂದರು. "ಬೆಳಗ್ಗೆ ಇಬ್ಬನಿ ಬಿದ್ದು ಬ್ರೇಕ್ ಡ್ರಮ್ಮಿನೊಳಗೆ ತೇವ ಕೂರುತ್ತೆ. ಹತ್ತು ಕಿಲೋಮೀಟರ್ ಹೋದ್ರೆ ಸರಿಹೋಗುತ್ತೆ."

ಸರಿಹೋಗಲಿಲ್ಲ. ಭಾನುವಾರ ಚಕ್ರ ಬಿಚ್ಚಿ ನೋಡಿದರೆ, ಚಕ್ರವನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂ ಅರ್ಧಕ್ಕರ್ಧ ಸವೆದಿತ್ತು. ಹಾಕಿ ಮೂರು ತಿಂಗಳೂ ಆಗಿರಲಿಲ್ಲ. ಅಂಗಡಿಯವನು ಡೂಪ್ಲಿಕೇಟ್ ಕೊಟ್ಟಿದ್ದಾನೆ ಎಂದು ಬೈದು, ಬಸ್ಸಿನಲ್ಲಿ ಹಿಂದೂಪುರದವರೆಗೆ ಹೋಗಿ ಬೇರೆ ಜೋಡಿ ತಂದು ಹಾಕಿದರು. ಎರಡು ದಿನ ಸುಮ್ಮನಿದ್ದ ಸದ್ದು ಮೂರನೇ ಬೆಳಗ್ಗೆ ಮತ್ತೆ ಬಂತು. ಹುರುಳಿ ಬಳ್ಳಿ ಒಳಗೆ ಸೇರಿರಬೇಕು ಎಂದು ಪೂರ್ತಿ ಬಿಚ್ಚಿ ತೊಳೆದರು. ಬೇರಿಂಗ್ ಬದಲಿಸಿದರು, ಮತ್ತೊಂದು ಜೋಡಿ ಶೂ ಹಾಕಿದರು. ಚೈನು ಒಂದು ಎಳೆ ಬಿಗಿ ಮಾಡಿದರು, ಆಮೇಲೆ ಒಂದು ಎಳೆ ಸಡಿಲ ಮಾಡಿದರು. ಪೆಡಲ್ಲಿನ ಸ್ಪ್ರಿಂಗು ಹೊಸದು ಹಾಕಿದರು. ಚಳಿ ಹೋಗಿ ಯುಗಾದಿ ಕಳೆದು, ಬೆಳಗ್ಗೆ ಎಂಟಕ್ಕೇ ಬೆವರು ಬರುವ ಕಾಲ ಬಂದರೂ ಸದ್ದು ಹೋಗಲಿಲ್ಲ. ಇಬ್ಬನಿಯ ವಾದ ಬಿದ್ದುಹೋಯಿತು. ಇದರ ಮೇಲೆ ಹಿಂದಿನ ದೀಪದ ಬಲ್ಬ್ ಬೇರೆ ತಿಂಗಳಿಗೊಂದು ಸುಡುತ್ತಿತ್ತು. ಅದು ವೈರಿಂಗಿನ ಕಾಯಿಲೆ, ಬೇರೆ, ಎಂದರು.

ಊರಿನ ಗಾಡಿಗಳನ್ನೂ ಆಗೀಗ ಅವರು ನೋಡಿಕೊಡುವುದುಂಟು. ಬಿಚ್ಚದೆ, ಬರೀ ಕಿವಿಯಲ್ಲೇ ರೋಗ ಹೇಳುತ್ತಾರೆಂಬ ಹೆಸರು ಅವರದು. ಅಂಥವರು ಸಂಜೆಯ ಹೊತ್ತು ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಗೇರಿನಲ್ಲಿಟ್ಟು ಹಿಂದಿನ ಚಕ್ರ ಸುಮ್ಮನೆ ತಿರುಗಿಸುತ್ತಾ ಕಿವಿ ಆನಿಸಿ ಕೂತಿರುವುದನ್ನು ನೋಡಲಾರದೆ ನಾನು ಒಳಗೆ ಹೋಗಿಬಿಡುತ್ತಿದ್ದೆ. ನಿಂತ ಗಾಡಿಯಲ್ಲಿ ಆ ಸದ್ದು ಇರಲೇ ಇಲ್ಲ.

ಗಾಡಿ ಬಿಚ್ಚಿದವನೇ ಟ್ರಯಲ್ ನೋಡಬೇಕು ಎನ್ನುವುದು ಈ ಕಸುಬಿನಲ್ಲಿ ಒಂದು ಕಟ್ಟಳೆ. ರಿಪೇರಿ ಮಾಡಿ, ಕೈ ಒರೆಸಿಕೊಂಡು, ಊರಾಚೆ ಒಂದು ಸುತ್ತು ಓಡಿಸಿ ಬಂದು ಕೀ ಕೊಟ್ಟರೆ ಕೆಲಸ ಮುಗಿದ ಹಾಗೆ. ಟ್ರಯಲ್ ನೋಡದೆ ಕೊಟ್ಟರೆ ಅರ್ಧ ಕೆಲಸ. ಫಿಟ್ಸ್ ಬಂದಾಗಿನಿಂದ ಅವರು ನನ್ನ ಗಾಡಿಯನ್ನೂ ಊರಿನವರ ಗಾಡಿಯನ್ನೂ ಟ್ರಯಲ್ ನೋಡದೆ ಕೊಡುತ್ತಿದ್ದರು. ಕೀ ಕೊಡುವಾಗ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ನಾನು ನೋಡಿಯೂ ನೋಡದ ಹಾಗಿದ್ದೆ.

ಬೇಸಿಗೆಯ ಒಂದು ಭಾನುವಾರ ನಾನು ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದೆ. ಹಿಟ್ಟಿನ ಡಬ್ಬ ಸೊಂಟಕ್ಕಿಟ್ಟುಕೊಂಡು ವಾಪಸು ಬಂದರೆ ಅಂಗಳದಲ್ಲಿ ಗಾಡಿ ಇಲ್ಲ, ಅವರೂ ಇಲ್ಲ. ಸ್ಪ್ಯಾನರುಗಳು ಗೋಣಿಯ ಮೇಲೆ ಬಿದ್ದಿದ್ದವು. ಎದುರು ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, "ಟ್ರಯಲಂಟಮ್ಮಾ" ಎಂದಳು. ಟ್ರಯಲಂತೆ.

ಡಬ್ಬವನ್ನು ಅಲ್ಲೇ ಕುಕ್ಕಿ ಓಡಿದೆ. ನಲವತ್ತು ದಾಟಿದ ಹೆಂಗಸು ಬೀದಿಯಲ್ಲಿ ಓಡುವುದನ್ನು ನಮ್ಮೂರು ನೋಡಿರಲಿಲ್ಲ, ಅವತ್ತು ನೋಡಿತು. ಕೆರೆಯ ಏರಿ ಕಿರಿದು. ಒಂದು ಕಡೆ ಹೋದ ಮಳೆಗೆ ತುಂಬಿದ್ದ ಕೆರೆ, ಇನ್ನೊಂದು ಕಡೆ ಎರಡಾಳು ಆಳದ ಇಳಿಜಾರು. ಏರಿಯ ಬುಡಕ್ಕೆ ತಲುಪುವಾಗ ಅವರು ಎದುರಿನಿಂದ ಬಂದರು. ನಿಧಾನವಾಗಿ, ಬೆನ್ನು ನೆಟ್ಟಗೆ ಮಾಡಿಕೊಂಡು, ನನ್ನ ಹೆಲ್ಮೆಟ್ ಹಾಕಿಕೊಂಡು ಬರುತ್ತಿದ್ದರು. ಅವರ ಮುಖದಲ್ಲಿ ಮೂರು ವರ್ಷದಿಂದ ನಾನು ಕಾಣದ ಒಂದು ನಿರಾಳವಿತ್ತು. ಅದನ್ನು ಕಂಡು ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗಾಡಿ ನಿಲ್ಲಿಸಿದೊಡನೆ ಕೀ ಕಿತ್ತುಕೊಂಡೆ.

"ಸದ್ದು ಕೇಳ್ಬೇಕಲ್ಲ ಕಣೇ. ಕೇಳದೆ ನಾನೇನು ರಿಪೇರಿ ಮಾಡ್ಲಿ?" ಎಂದರು.

"ನೀವು ಬಿದ್ದುಹೋದ್ರೆ ಗಾಡಿ ರಿಪೇರಿ ಮಾಡೋರು ಯಾರು?"

ಹೇಳಬೇಕೆಂದಿದ್ದದ್ದು ಅದಲ್ಲ. ನೀವು ಬಿದ್ದುಹೋದರೆ ನಾನೇನು ಮಾಡಲಿ ಎಂದು ಕೇಳಬೇಕಿತ್ತು. ಬಾಯಿಗೆ ಬಂದದ್ದು ಗಾಡಿ. ಅವರು ಹೆಲ್ಮೆಟ್ ತೆಗೆಯುತ್ತಾ, "ಸದ್ದು ಬರಲೇ ಇಲ್ಲ ಕಣೇ. ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ," ಎಂದರು. ಆ ಹೊತ್ತಿನಲ್ಲೂ ಅವರಿಗೆ ಸದ್ದಿನದ್ದೇ ಚಿಂತೆ ಎಂದು ನನಗೆ ಇನ್ನಷ್ಟು ರೇಗಿತು. ಇಬ್ಬರೂ ಗಾಡಿ ತಳ್ಳಿಕೊಂಡು ಮನೆಗೆ ಬಂದೆವು. ಓಡುವ ಗಾಡಿಯನ್ನು ತಳ್ಳಿಕೊಂಡು ಬಂದವರು ನಾವೇ ಇರಬೇಕು.

ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಟ್ಟೆಗೆ ಮುದ್ದೆ ಹಾಕುತ್ತಾ ಹೇಳಿದೆ. "ಸದ್ದು ಕೇಳ್ಲೇಬೇಕು ಅಂದ್ರೆ ನನ್ನ ಹಿಂದೆ ಕೂತ್ಕೊಂಡು ಕೇಳಿ. ಅದಾಗಲ್ಲ ಅಂದ್ರೆ ಇರ್ಲಿ ಬಿಡಿ, ಸದ್ದಿನ ಜೊತೇಲೇ ಓಡಿಸ್ತೀನಿ."

ಅವರು ಮುದ್ದೆ ಮುರಿದು ಸಾರಿಗೆ ಅದ್ದಿದರು. ಒಂದು ತಿಂಗಳು ಹಾಗೇ ಹೋಯಿತು. ನಾನೂ ಬಿಡಲಿಲ್ಲ. "ಏನಂತು ಗಾಡಿ" ಎಂದರೆ "ಅದೇ ಅಂತು" ಎನ್ನುತ್ತಿದ್ದೆ.

ಮಳೆ ಶುರುವಾಗುವ ಮುಂಚೆ ಮತ್ತೆ ಚಕ್ರ ಬಿಚ್ಚಿದರು. ಆ ವರ್ಷದ ಮೂರನೇ ಜೋಡಿ ಶೂ ಕೂಡ ಸವೆದು ಕಬ್ಬಿಣ ಕಾಣುತ್ತಿತ್ತು, ಡ್ರಮ್ಮಿನ ಒಳಗೆ ಗೀರು ಬಿದ್ದಿತ್ತು. ಆ ಶೂವನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಕೊನೆಗೆ ಒಳಗೆ ಬಂದು, ನನ್ನ ಕಡೆ ನೋಡದೆ ಹೇಳಿದರು. "ಇದು ಹಿಂಗೇ ಆದ್ರೆ ಒಂದು ದಿನ ಚಕ್ರ ಕಚ್ಕೊಂಡು ನಿಂತ್ಬಿಡುತ್ತೆ. ಮಳೇಲಿ, ಲಾರಿ ಮುಂದೆ ನಿಂತ್ರೆ ಏನ್ ಗತಿ? ನಾಳೆ ನಿನ್ ಜೊತೆ ಬರ್ತೀನಿ. ಅರ್ಧ ದಾರಿ ತನಕ. ಆಮೇಲೆ ಬಸ್ಸಲ್ಲಿ ವಾಪಸ್ ಬರ್ತೀನಿ."

ಸವೆದ ಶೂ ಇನ್ನೂ ಅವರ ಕೈಯಲ್ಲೇ ಇತ್ತು. ಇಷ್ಟು ದಿನ ಭಯ ನನ್ನೊಬ್ಬಳದೇ ಆಸ್ತಿ ಎಂದುಕೊಂಡಿದ್ದೆ. ಅವರೂ ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಸಾಕುತ್ತಿದ್ದರು ಎಂಬುದು ನನಗೆ ಹೊಳೆದೇ ಇರಲಿಲ್ಲ. ಒಗ್ಗರಣೆ ಹೊತ್ತಿಹೋಯಿತು.

ಮಾರನೆಯ ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು. ಸೀಟಿನ ಹಿಂಭಾಗದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ನನಗೂ ತಮಗೂ ನಡುವೆ ಒಂದು ಮೊಳ ಜಾಗ ಬಿಟ್ಟು ಕೂತರು. ಹೋಟೆಲಿನ ಮುಂದೆ ಹೋಗುವಾಗ ಜಗಲಿಯ ಮೇಲಿದ್ದ ಹಿರಿಯರೊಬ್ಬರು, "ಏನಪ್ಪಾ, ಹೊಸಾ ಡ್ರೈವರ್ರು ಸಿಕ್ಕವ್ರೇ?" ಎಂದು ಕೇಳಿದರು. ಇವರು ಏನೂ ಹೇಳದೆ ಹೋಗಬಹುದು ಎಂದುಕೊಂಡೆ. "ಹೂಂ ಮಾವ, ಸಂಬಳ ಇಲ್ದೋರು," ಎಂದು ಹಿಂದಿನಿಂದ ಉತ್ತರ ಹೋಯಿತು. ಜಗಲಿಯೆಲ್ಲ ನಕ್ಕಿತು. ಅಷ್ಟೇ. ಮೂರು ವರ್ಷ ಹೆದರಿದ್ದು ಅಷ್ಟಕ್ಕೇ.

ಏರಿಯ ಮೇಲೆ ಬಂದೆವು. ಕಿವಿ ನೆಟ್ಟಗೆ ಮಾಡಿಕೊಂಡೆ. ಸದ್ದಿಲ್ಲ. ಏರಿ ದಾಟಿತು, ಮುಸುಕಿನ ಜೋಳದ ಹೊಲಗಳು ದಾಟಿದವು, ಇಳಿಜಾರು ಬಂತು, ಉಬ್ಬು ಬಂತು. ಸದ್ದಿಲ್ಲ. ಒಂದು ಹಂಪಿನ ಮೇಲೆ ಗಾಡಿ ಎಗರಿದಾಗ ಅವರ ಕೈ ಕಂಬಿ ಬಿಟ್ಟು ನನ್ನ ಭುಜಕ್ಕೆ ಬಂತು. ಹಂಪು ಹೋದ ಮೇಲೂ ಅಲ್ಲೇ ಇತ್ತು. ಅರ್ಧ ದಾರಿಯ ಬಸ್‌ಸ್ಟಾಪ್ ಬರುವವರೆಗೂ ಗಾಡಿ ಬೆಣ್ಣೆಯ ಹಾಗೆ ಓಡಿತು. ನನಗೆ ಅವಮಾನವಾದಂತಾಯಿತು. ದಿನಾ ಅಳುವ ಮಗು ಡಾಕ್ಟರ ಮುಂದೆ ನಕ್ಕರೆ ತಾಯಿಗೆ ಆಗುತ್ತದಲ್ಲ, ಹಾಗೆ.

"ನಿಜವಾಗ್ಲೂ ಬರುತ್ತೆ ಕಣ್ರೀ," ಎಂದೆ.

"ಬರಲ್ಲ ಅಂತ ನಾನೆಲ್ಲಂದೆ? ಇಬ್ರು ಕೂತಾಗ ಭಾರ ಬಿದ್ದು ಮರೆಯಾಗಿರಬೋದು. ನೀನು ಹೊರಡು. ನಾನಿಲ್ಲೇ ನಿಂತು ಹಿಂದಿಂದ ನೋಡ್ತೀನಿ."

ಬಸ್ಸು ಬರಲು ಹತ್ತು ನಿಮಿಷವಿತ್ತು. ನೀರಿನ ಬಾಟಲಿ ಕೊಟ್ಟು, ರಸ್ತೆ ಬಿಟ್ಟು ಕಲ್ಲುಬೆಂಚಿನ ಮೇಲೆ ಕೂರಲು ಹೇಳಿ ಹೊರಟೆ. ಮೂರನೇ ಗೇರಿಗೆ ಹಾಕಿರಲಿಲ್ಲ, ಶ್ ಶ್ ಎಂದು ಶುರುವಾಯಿತು. ತಿರುಗಿ ಕೂಗಿ ಹೇಳೋಣವೆಂದರೆ ಹಿಂದಿನಿಂದ ಲಾರಿ ಬರುತ್ತಿತ್ತು. ಮುಂದೆ ಹೋದೆ. ಅವರು ಮನೆ ಸೇರಿದರೋ ಇಲ್ಲವೋ ಎಂದು ಆ ದಿನ ಅಜ್ಜಿಗೆ ಎರಡು ಸಲ ಫೋನ್ ಮಾಡಿದೆ.

ಸಂಜೆ ಬಂದಾಗ ಅವರು ಹೊಸ್ತಿಲ ಮೇಲೆ ಕೂತಿದ್ದರು. ಗೋಣಿ ಹಾಸಿರಲಿಲ್ಲ, ಸ್ಪ್ಯಾನರು ಹರಡಿರಲಿಲ್ಲ. "ಏನಂತು ಗಾಡಿ" ಎಂದೂ ಕೇಳಲಿಲ್ಲ. ಹುಷಾರಿಲ್ಲವೇನೋ ಎಂದು ಹೆಲ್ಮೆಟ್ಟಿನಲ್ಲೇ ಹೋಗಿ ಹಣೆ ಮುಟ್ಟಿ ನೋಡಿದೆ. ಚೆನ್ನಾಗಿಯೇ ಇದ್ದರು.

"ಸದ್ದು ಬಂತು ರೀ. ನಿಮ್ಮನ್ನ ಇಳಿಸಿ ಐವತ್ತು ಅಡಿ ಹೋಗಿಲ್ಲ, ಬಂತು," ಎಂದೆ.

"ಗೊತ್ತು."

"ಅಷ್ಟು ದೂರಕ್ಕೆ ಕೇಳಿಸ್ತಾ?"

"ಕೇಳಿಸಲಿಲ್ಲ. ಲೈಟು ಕಾಣಿಸ್ತು."

"ಯಾವ ಲೈಟು?"

"ಬ್ರೇಕ್ ಲೈಟು. ನೀನು ಹೊರಟ ತಕ್ಷಣ ಹತ್ಕೊಂತು. ತಿರುವು ದಾಟೋ ತನಕ ಆರಲಿಲ್ಲ."

ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಓಡಿಸುವಾಗ ನನ್ನ ಬಲಗಾಲು ಬ್ರೇಕಿನ ಪೆಡಲ್ಲಿನ ಮೇಲಿತ್ತು. ಒತ್ತಿದ್ದೆನೆಂದಲ್ಲ, ಇಟ್ಟುಕೊಂಡಿದ್ದೆ. ಮೂರು ಜೋಡಿ ಶೂ, ಡ್ರಮ್ಮಿನ ಗೀರು, ತಿಂಗಳಿಗೊಂದು ಸುಟ್ಟ ಬಲ್ಬು, ಎಲ್ಲಕ್ಕೂ ಕಾರಣ ನನ್ನ ಕಾಲು. ಕೆರೆಯಂಗಳದಲ್ಲಿ ಅವರು ಕಲಿಸಿದ ಮೊದಲ ಪಾಠವೇ ಬ್ರೇಕಿನ ಮೇಲೆ ಸುಮ್ಮನೆ ಕಾಲಿಡಬಾರದು ಎಂಬುದು. ಕಾಲಿಡುತ್ತೀಯಾ ಎಂದು ಅವರು ಕೇಳಿದ್ದರೆ ನಾನು ಇಲ್ಲ ಎನ್ನುತ್ತಿದ್ದೆ, ಹೆಂಗಸೆಂದು ಹೀಗೆ ಕೇಳುತ್ತೀರಾ ಎಂದು ಜಗಳಕ್ಕೇ ನಿಲ್ಲುತ್ತಿದ್ದೆ. ಅದಕ್ಕೇ ಅವರು ಕೇಳಿರಲಿಲ್ಲ. ಒಂದೇ ಒಂದು ದಿನ ನನ್ನ ಹಿಂದೆ ಕೂತು ಬಂದು, ಅರ್ಧ ದಾರಿಯಲ್ಲಿ ಇಳಿದು ನಿಂತು ನೋಡಿದ್ದರೆ, ಆ ಚಳಿಗಾಲದಲ್ಲೇ ಮುಗಿಯುತ್ತಿತ್ತು.

"ನೀವು ಹಿಂದೆ ಕೂತಿದ್ದಾಗ?" ಎಂದು ಕೇಳಿದೆ.

"ನೋಡ್ಕೊಂಡೇ ಬಂದೆ. ಆಗ ಕಾಲು ಸರಿಯಾಗೇ ಇತ್ತು."

"ಸಂಜೆ ಬರೋವಾಗಲೂ ಸದ್ದಿರಲ್ಲ."

"ಹೂಂ. ಸಂಜೆ ಇರಲ್ಲ."

ಎದುರು ಮನೆಯ ಅಜ್ಜಿ ಬಾಗಿಲಿಗೆ ನೀರು ಹಾಕಿ ಒಳಗೆ ಹೋದಳು. ನಾನು ಹೊಸ್ತಿಲಿನ ಇನ್ನೊಂದು ತುದಿಯಲ್ಲಿ ಕೂತೆ. ಪ್ರತಿ ಬೆಳಗ್ಗೆ ಇವರನ್ನು ಇಲ್ಲಿ ಬಿಟ್ಟು ಇಪ್ಪತ್ತೈದು ಕಿಲೋಮೀಟರ್ ಹೋಗುವಾಗ, ನನ್ನ ಕೈ ಗಾಡಿಯನ್ನು ಮುಂದಕ್ಕೆ ಓಡಿಸುತ್ತಿತ್ತು, ಕಾಲು ಹೋಗಬೇಡ ಎನ್ನುತ್ತಿತ್ತು. ನನಗೇ ತಿಳಿಯದ ಹಾಗೆ. ಅಳು ಬಂತು. ತಡೆಯಲಿಲ್ಲ.

"ಸಂಜೆ ನೀನು ಬರೋ ತನಕ ನಾನು ಇರ್ತೀನಿ ಕಣೇ. ಕಾಲು ತೆಗಿ," ಎಂದರು ಅವರು.

"ಅದು ನಿಮ್ಮ ಕೈಲಿದೆಯೇನ್ರೀ?"

ಅವರು ಗಾಡಿಯ ಕಡೆ ನೋಡಿದರು.

"ಇಲ್ಲ," ಎಂದರು. "ನಿನ್ನ ಕಾಲಲ್ಲೂ ಇಲ್ಲ."

ಮಾರನೆಯ ಬೆಳಗ್ಗೆ ಏರಿಯ ಮೇಲೆ ನಾನು ಕಾಲು ಎತ್ತಿ ಹಿಡಿದೆ. ಬಹಳ ಕಷ್ಟವಾಯಿತು. ಗಾಡಿ ಸದ್ದಿಲ್ಲದೆ ಮುಂದೆ ಹೋಯಿತು, ನಾನೂ ಅದರ ಜೊತೆ ಹೋದೆ. ಈಗಲೂ ಕೆಲವು ಬೆಳಗ್ಗೆ ಶ್ ಎಂದು ಶುರುವಾಗುತ್ತದೆ. ಕೇಳಿಸಿದ ಕೂಡಲೇ ಕಾಲು ತೆಗೆಯುತ್ತೇನೆ.